ಹಾಡಿಗೆ ಹಾರ, ಹಾಡಿದವರಿಗೆ?

ಕೊಲಂಬಿಯಾದ ವಾಯೆನಾತೊ ದನಗಾಹಿಗಳ ಹಾಡಿನಿಂದ ಬೆಳೆದದ್ದು. ಯುರೋಪಿನ ಅಕಾರ್ಡಿಯನ್, ಗುಲಾಮರಾಗಿ ಬಂದ ಆಫ್ರಿಕನ್ನರ ಡೋಲು, ಆದಿವಾಸಿಗಳ ಗೀರುವಾದ್ಯ ಅದರಲ್ಲಿ ಕೂಡಿವೆ. ಈಗ ಪರದೇಶದ ವೇದಿಕೆಯಲ್ಲೂ ಅದಕ್ಕೆ ಜನ ಕುಣೀತಾರೆ. ರಸಿಕರು ಲಯ ಚೆಂದ ಅಂತಾರೆ. ಆ ಲಯ ಯಾರ ಬೆವರಿನದು ಅಂತ ನಾವು ಕೇಳ್ತೇವೆ.

ಹೊಳನಗದ್ದೆಯ ಸೀಮೆಯಲ್ಲೂ ಇದೇ ಪ್ರಶ್ನೆ. ಕುಮಟಾ, ಹೊನ್ನಾವರ, ಅಂಕೋಲೆಯ ಹಾಲಕ್ಕಿಗಳು ಗುಮಟೆ ಬಡಿದು ಸುಗ್ಗಿ ಕುಣಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟರು. ಸಂತೋಷ. ಆದರೆ ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಹಾಲಕ್ಕಿಗಳ ಬೇಡಿಕೆ ಈಡೇರುವ ಮೊದಲೇ, 2025ರಲ್ಲಿ, ಆ ತಾಯಿ ಕಣ್ಣು ಮುಚ್ಚಿದರು.

ಕುಣಿತ ಬೇಕು, ಕುಣಿಯುವವರ ಹಕ್ಕು ಬೇಡ ಅನ್ನುವ ರಸಿಕತೆಯನ್ನು ನಾವು ಒಪ್ಪೋದಿಲ್ಲ.