ರಟ್ಟಿನ ಪುಸ್ತಕಕ್ಕೆ ಕತ್ತರಿ ಹಾಕುವ ಮುನ್ನ

ಹಳೆಯ ರಟ್ಟಿನ ಪುಸ್ತಕಗಳಿಂದ ಹೂದಾನಿ, ಗೋಡೆ ಗಡಿಯಾರ, ಆಭರಣದ ಡಬ್ಬಿ ಮಾಡುವುದನ್ನು ಮೊಬೈಲಿನಲ್ಲಿ ನೋಡಿ ಕಲಿತವರು ಈಗ ಬಳ್ಳಾರಿ ಜಿಲ್ಲೆಯ ಸಿರಿಗೇರಿಯಂಥ ಊರುಗಳಲ್ಲೂ ಸಿಗುತ್ತಾರೆ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಕತ್ತರಿ ಕಂಡ ಕೂಡಲೇ ಸಿಟ್ಟು ಬರುವುದು ಸಹಜ. ಆದರೆ ಅದೇ ಪುಸ್ತಕ ರದ್ದಿ ಅಂಗಡಿಯ ತಕ್ಕಡಿ ಏರುವಾಗ ಬಾರದ ಸಿಟ್ಟು ಕತ್ತರಿ ಹಿಡಿದವರ ಮೇಲೆ ಮಾತ್ರ ಬಂದರೆ ನ್ಯಾಯವಾಗದು. ನನ್ನ ಮಟ್ಟಿಗೆ ಕೇಳಬೇಕಾದದ್ದು ಎರಡೇ. ಮಾಡಿದ ಕೃತಿಗೆ ಆ ಪುಸ್ತಕವೇ ಬೇಕಿತ್ತೆ? ಆ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿದೆಯೆ?

ಮೊದಲ ಪ್ರಶ್ನೆಯಲ್ಲೇ ಬಹುಪಾಲು ಕೆಲಸಗಳು ಬಿದ್ದುಹೋಗುತ್ತವೆ. ಮೂರು ಪುಸ್ತಕ ಒಂದರ ಮೇಲೊಂದು ಇಟ್ಟು, ಬಿಳಿ ಬಣ್ಣ ಬಳಿದು, ಗೋಣಿ ದಾರ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೂ ಸಿಕ್ಕಿಸಿದರೆ ಅದು ಮೇಜಿನ ಮೇಲೆ ಚೆಂದವೇ ಕಾಣುತ್ತದೆ. ಆದರೆ ಹೆಸರೂ ಅಕ್ಷರವೂ ಬಣ್ಣದಡಿ ಮುಚ್ಚಿಹೋದ ಮೇಲೆ ಅಲ್ಲಿ ಪುಸ್ತಕಕ್ಕೇನು ಕೆಲಸ? ಮರದ ತುಂಡು ಇಟ್ಟಿದ್ದರೂ ನಡೆಯುತ್ತಿತ್ತು. ಹಾಳೆ ಮಡಚುವ ಕಲೆ ಇದಕ್ಕಿಂತ ಮೇಲು. ಪ್ರತಿ ಹಾಳೆಯ ಮೇಲಿನ ಮೂಲೆಯನ್ನು ಬೆನ್ನಿನತ್ತ ತಂದು ಒತ್ತಿ, ಕೆಳಗಿನ ಮೂಲೆಯನ್ನೂ ಹಾಗೇ ಮಡಚಿ, ಮುನ್ನೂರು ಪುಟದವರೆಗೂ ಅಳತೆ ತಪ್ಪದಂತೆ ಹೋಗಬೇಕು. ರಟ್ಟು ಬಿಡಿಸಿ ನಿಲ್ಲಿಸಿದಾಗ ಅದು ಹೂದಾನಿಯಾಗಿ ಅರಳುತ್ತದೆ. ಅದಕ್ಕೆ ತಾಳ್ಮೆ ಬೇಕು, ಕೈಯೂ ಪಳಗಿರಬೇಕು. ಇಲ್ಲೊಂದು ತೊಡಕಿದೆ. ಹೊಲಿಗೆ ಹಾಕಿದ ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ; ಬರೀ ಅಂಟಿನಲ್ಲಿ ಬೈಂಡ್ ಮಾಡಿದ್ದು ಅರ್ಧಕ್ಕೇ ಸೀಳಿ ಹಾಳೆಗಳು ಕೈಗೆ ಬರುತ್ತವೆ. ನಮ್ಮ ಹಳೆಯ ಅಗ್ಗದ ಮುದ್ರಣಗಳ ಕಾಗದವೋ ಮರದ ತಿರುಳಿನದು, ಆಮ್ಲ ಸೇರಿದ್ದು. ಬಳ್ಳಾರಿಯ ಬಿಸಿಲಿಗೆ ಹಳದಿಯಾಗಿ ಹಪ್ಪಳದಂತಾದ ಆ ಹಾಳೆ ಎರಡನೇ ಮಡಿಕೆಗೇ ಮುರಿಯುತ್ತದೆ.

ಪುಸ್ತಕವೇ ಬೇಕಾಗುವಂಥ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಟಾಮ್ ಫಿಲಿಪ್ಸ್ ಉದಾಹರಣೆ. 1966ರಲ್ಲಿ ಅವರು ಮೂರು ಪೆನ್ಸ್ ಕೊಟ್ಟು ಡಬ್ಲ್ಯೂ. ಎಚ್. ಮ್ಯಾಲಕ್ ಎಂಬಾತನ 1892ರ ಕಾದಂಬರಿಯೊಂದನ್ನು ಕೊಂಡರು. ಪ್ರತಿ ಪುಟದ ಮೇಲೆ ಚಿತ್ರ ಬರೆದು, ಅಲ್ಲಲ್ಲಿ ಕೆಲವೇ ಪದಗಳನ್ನು ಮುಚ್ಚದೆ ಬಿಟ್ಟು, ಹಳೆಯ ಕಥೆಯೊಳಗಿಂದ ಹೊಸ ಕಥೆ ತೆಗೆದರು. ಐವತ್ತು ವರ್ಷ ಅದನ್ನೇ ತಿದ್ದಿ ತೀಡಿ, 2016ರಲ್ಲಿ ಕೊನೆಯ ಆವೃತ್ತಿ ತಂದರು. ಅಮೆರಿಕದ ಬ್ರಯನ್ ಡೆಟ್ಮರ್ ಇನ್ನೊಂದು ದಾರಿಯವರು. ಹಳೆಯ ವಿಶ್ವಕೋಶ, ನಿಘಂಟುಗಳ ಅಂಚನ್ನು ಮೊದಲು ಗಟ್ಟಿಯಾಗಿ ಮುಚ್ಚಿ, ಮೇಲಿನಿಂದ ಒಂದೊಂದೇ ಪದರ ಕೊರೆಯುತ್ತಾ ಇಳಿಯುತ್ತಾರೆ. ಹೊಸದಾಗಿ ಏನನ್ನೂ ಸೇರಿಸುವುದಿಲ್ಲ, ಇದ್ದ ಚಿತ್ರದ ಜಾಗ ಬದಲಿಸುವುದಿಲ್ಲ. ಬೇಡದ್ದನ್ನು ತೆಗೆಯುವುದಷ್ಟೇ ಕೆಲಸ. ಬೇರೆ ಪುಸ್ತಕ ಹಿಡಿದಿದ್ದರೆ ಬೇರೆಯದೇ ಕೃತಿ ಆಗುತ್ತಿತ್ತು.

ಈ ಕೊರೆಯುವ ಬುದ್ಧಿ ಬಳ್ಳಾರಿಗೆ ಹೊಸದಲ್ಲ. ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಊರೂರಿಗೆ ಹೊತ್ತು ತಿರುಗಿದ ತೊಗಲುಗೊಂಬೆಗಳನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು: ಹದ ಮಾಡಿದ ಚರ್ಮಕ್ಕೆ ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದಾಗ, ಹಿಂದಿನ ದೀಪಕ್ಕೆ ಆ ತೂತುಗಳೇ ಸರ, ವಂಕಿ, ಕಿರೀಟದ ಹರಳು. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದು ಆ ಗೊಂಬೆ ಕೊರೆಯುವ ಕುಶಲಕರ್ಮಿಗಳಿಗೆ ತಲೆಮಾರಿನಿಂದ ಕೈಗೆ ಬಂದದ್ದು. ನಮ್ಮಲ್ಲಿ ಪುಸ್ತಕ ಕೊರೆಯುವವರು ಪರದೇಶದ ವಿಡಿಯೋ ನೋಡಿದಷ್ಟೇ ಆಸ್ಥೆಯಿಂದ ಇದನ್ನು ನೋಡುತ್ತಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಎರಡನೇ ಪ್ರಶ್ನೆ ಕನ್ನಡಕ್ಕೆ ಇನ್ನೂ ಬಿಗಿ. ಹತ್ತಾರು ಸಾವಿರ ಪ್ರತಿ ಅಚ್ಚಾದ ಇಂಗ್ಲಿಷ್ ಕಾದಂಬರಿಯಲ್ಲಿ ಒಂದನ್ನು ಕತ್ತರಿಸಿದರೆ ಯಾರಿಗೂ ನಷ್ಟವಿಲ್ಲ. ಕನ್ನಡದ ಪುಸ್ತಕ ಸಾಮಾನ್ಯವಾಗಿ ಐನೂರೋ ಸಾವಿರವೋ ಪ್ರತಿ. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಓದುತ್ತೇವೆ. ಅಚ್ಚಿನ ಯಂತ್ರ ಬಂದ ಮೇಲೂ ನಮ್ಮ ಎಷ್ಟೋ ಲೇಖಕರಿಗೆ ಆ ಸಂಖ್ಯೆ ದಾಟಲಾಗಿಲ್ಲ. ಅರವತ್ತು ವರ್ಷ ಹಿಂದಿನ ಕವನ ಸಂಕಲನವೊಂದು ಮನೆಯ ಅಟ್ಟದಲ್ಲಿ ಸಿಕ್ಕರೆ ಅದು ಉಳಿದ ಕೊನೆಯ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು. ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರ್ ಅಂತರ್ಜಾಲದಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ಆ ಸಂಕಲನಕ್ಕೆ ಅಂಥ ಭಾಗ್ಯ ಬಂದಿರಲಾರದು.

ಇನ್ನು ಯಾರೂ ಪುಸ್ತಕವೆಂದೇ ಎಣಿಸದ ಒಂದು ವಸ್ತುವಿದೆ: ಕಿರಾಣಿ ಅಂಗಡಿ, ದಲ್ಲಾಳಿ ಅಂಗಡಿ, ಅಕ್ಕಿ ಗಿರಣಿಗಳ ಕೀರ್ದಿ, ಖಾತೆ ಪುಸ್ತಕಗಳು. ಕೆಂಪು ಬಟ್ಟೆಯ ಹೊದಿಕೆ, ದಪ್ಪ ರಟ್ಟು, ಗಟ್ಟಿ ಹೊಲಿಗೆ, ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಇಟ್ಟ ಅರಿಶಿನ ಕುಂಕುಮದ ಕಲೆ. ಅಲಂಕಾರ ಮಾಡುವವರ ಕಣ್ಣು ಮೊದಲು ಬೀಳುವುದೇ ಇವುಗಳ ಮೇಲೆ. ಲೆಕ್ಕ ತೀರಿದೆ, ಓದುವವರಿಲ್ಲ, ಕತ್ತರಿಸಿದರೇನು ಎನ್ನುತ್ತಾರೆ. ಆದರೆ ಇದು ಅಚ್ಚಾದದ್ದಲ್ಲ, ಕೈಯಲ್ಲಿ ಬರೆದದ್ದು. ಇರುವುದೇ ಒಂದು ಪ್ರತಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಸೇರಿದ ಕಾಲದಲ್ಲಿ ಯಾವ ಧಾನ್ಯಕ್ಕೆ ಏನು ಧಾರಣೆ ಇತ್ತು, ತುಂಗಭದ್ರಾ ಕಾಲುವೆಯ ನೀರು ಬಂದು ಜೋಳದ ಹೊಲ ಭತ್ತದ ಗದ್ದೆಯಾದಾಗ ಯಾರ ಸಾಲ ತೀರಿತು, ಯಾರದು ಬೆಳೆಯಿತು ಎಂಬುದನ್ನು ಯಾವ ಗೆಜೆಟಿಯರೂ ಹೀಗೆ ಮನೆಮನೆಯ ಲೆಕ್ಕದಲ್ಲಿ ಹೇಳುವುದಿಲ್ಲ.

ಕತ್ತರಿಗೆ ಯೋಗ್ಯವಾದದ್ದು ವಕೀಲರ ಕಚೇರಿಗಳಲ್ಲಿದೆ. 1914ರಿಂದಿನ ತೀರ್ಪುಗಳನ್ನು ಹೊತ್ತ ಆಲ್ ಇಂಡಿಯಾ ರಿಪೋರ್ಟರ್ ಸಂಪುಟಗಳು ದೇಶದ ಉದ್ದಗಲಕ್ಕೂ ಇವೆ, ಆ ತೀರ್ಪುಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಗಾಜಿನ ಕಪಾಟಿನಲ್ಲಿ ಅವು ಎಷ್ಟೋ ಕಡೆ ಈಗಾಗಲೇ ಅಲಂಕಾರಕ್ಕಷ್ಟೇ ನಿಂತಿವೆ. ಬೆನ್ನು ಗಟ್ಟಿ, ಪುಟ ಸಾವಿರದ ಹತ್ತಿರ. ಕೊರೆಯುವವರಿಗೆ ಇಷ್ಟು ಆಳ ಬೇರೆಲ್ಲಿ ಸಿಕ್ಕೀತು? ಕೇಳಿದರೆ ಇಲ್ಲ ಎನ್ನುವ ವಕೀಲರು ಕಡಿಮೆ. ಕೀರ್ದಿಯನ್ನು ಮಾತ್ರ, ಅದರ ಕೆಂಪು ರಟ್ಟು ಎಷ್ಟೇ ಆಸೆ ಹುಟ್ಟಿಸಲಿ, ಗೆದ್ದಲು ಹತ್ತದ ಜಾಗದಲ್ಲಿ ಹಾಗೇ ಇಟ್ಟುಬಿಡಿ.