ಮಾನವೂ ಮೇಯವೂ: ನಂಜುಂಡಪ್ಪ ವರದಿಯ ಪ್ರಮಾಣವಿಚಾರ

ಮೇಯದ ಸಿದ್ಧಿಯು ಮಾನಕ್ಕೆ ಅಧೀನವಾದುದೆಂಬುದು ತರ್ಕಶಾಸ್ತ್ರದ ಬಾಗಿಲಲ್ಲಿಯೇ ವಿದ್ಯಾರ್ಥಿಗೆ ತಿಳಿಯುವ ಮಾತು. ರಾಜ್ಯವು ಕೈಗೊಂಡ ಕಾರ್ಯಗಳು ಫಲಿಸಿದುವೋ ಇಲ್ಲವೋ ಎಂದು ಅಳೆಯುವ ಬರಹಗಳು ಈಗ ಕನ್ನಡನಾಡಿನಲ್ಲಿ ಹೇರಳವಾಗಿ ಹುಟ್ಟುತ್ತಿವೆ; 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವು ಸ್ಥಾಪಿತವಾದ ಮೇಲಂತೂ ಇದು ಪ್ರತ್ಯೇಕವಾದೊಂದು ವಾಙ್ಮಯಪ್ರಕಾರವೇ ಆಗಿದೆ. ಇವನ್ನು ಅರ್ಥಶಾಸ್ತ್ರಜ್ಞರು ಓದುತ್ತಾರೆ, ಪಂಡಿತರು ಓದುವುದಿಲ್ಲ. ಮೌಲ್ಯಮಾಪನವೆಂದರೆ ಬೇಸಗೆಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವ ಕೆಲಸವೆಂದೇ ಉಪಾಧ್ಯಾಯವರ್ಗದ ರೂಢಿ. ಆದರೆ ಪ್ರಮಾಣವನ್ನು ಹೇಳಿ, ಅದರಿಂದ ಒಂದು ನಿರ್ಣಯವನ್ನು ಸಾಧಿಸುವ ಬರಹವು ಯಾವ ಶಾಸ್ತ್ರಕ್ಕೆ ಸೇರಿದ್ದಾದರೂ ಪರೀಕ್ಷೆಗೆ ಒಳಪಡತಕ್ಕದ್ದೇ ಸರಿ.

ಈ ವಾಙ್ಮಯದಲ್ಲಿ ಮೂಲಗ್ರಂಥದ ಸ್ಥಾನವುಳ್ಳದ್ದು, ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು ಪ್ರಾದೇಶಿಕ ಅಸಮತೋಲನವನ್ನು ಕುರಿತು 2002ರಲ್ಲಿ ಸಲ್ಲಿಸಿದ ವರದಿ. ವ್ಯವಸಾಯ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ ಮೊದಲಾದುವನ್ನು ಕುರಿತ 35 ಸೂಚಕಗಳನ್ನು ಕೂಡಿಸಿ, ಅಂದಿನ 175 ತಾಲ್ಲೂಕುಗಳಲ್ಲಿ ಒಂದೊಂದಕ್ಕೂ ಒಂದು ಅಂಕವನ್ನು ಅದು ಕೊಟ್ಟಿತು. ರಾಜ್ಯದ ಸರಾಸರಿಯೇ 1. ಅದಕ್ಕಿಂತ ಕೆಳಗಿನವು ಹಿಂದುಳಿದವು. ಇಂಥವು 114. ಇವುಗಳಲ್ಲಿ 0.89ರಿಂದ 0.99ರವರೆಗಿನವು ಹಿಂದುಳಿದವು, 0.80ರಿಂದ 0.88ರವರೆಗಿನವು ಅತಿ ಹಿಂದುಳಿದವು, 0.53ರಿಂದ 0.79ರವರೆಗಿನವು ಅತ್ಯಂತ ಹಿಂದುಳಿದವು. ಇಲ್ಲಿ ವೈಯಾಕರಣನು ಸ್ವಲ್ಪ ನಿಲ್ಲುತ್ತಾನೆ. ಅಂತವನ್ನು ಮೀರಿದುದು ಅತ್ಯಂತ; ಅತಿ ಎಂಬ ಉಪಸರ್ಗಕ್ಕೂ ಮೀರುವುದೇ ಅರ್ಥ. ಇವೆರಡರಲ್ಲಿ ಯಾವುದು ಹಿರಿದೆಂದು ಗ್ರಾಮಸಭೆಯಲ್ಲಿ ಕುಳಿತವನು ಕೇಳಿದರೆ ಕೋಷ್ಟಕವನ್ನು ತೋರಿಸಬೇಕೇ ಹೊರತು ಶಬ್ದದಿಂದ ಉತ್ತರ ಹೇಳಲಾಗದು. 0.79ಕ್ಕೂ 0.80ಕ್ಕೂ ನಡುವಣ ನೂರರಲ್ಲೊಂದಂಶದ ಅಂತರವು ಇಂಥ ಶಬ್ದದ್ವಯದ ಮೇಲೆ ನಿಂತಿತು. ಎಂಟು ವರ್ಷಗಳಲ್ಲಿ ವೆಚ್ಚಮಾಡಬೇಕೆಂದು ಸಮಿತಿಯು ಸೂಚಿಸಿದ 31,000 ಕೋಟಿ ರೂಪಾಯಿಗಳ ಹಂಚಿಕೆಯೂ ಆ ವಿಂಗಡಣೆಯನ್ನೇ ಹಿಡಿದು ನಡೆಯಬೇಕಾಗಿದ್ದಿತು.

ದಾವಣಗೆರೆ ಜಿಲ್ಲೆಯ ಸಾಲುಗಳನ್ನು ನೋಡಿದರೆ ವಿಚಾರವು ಸ್ಫುಟವಾಗುತ್ತದೆ. ಸೂಳೆಕೆರೆಯಂಥ ಮಹಾತಟಾಕವೂ ಭದ್ರಾ ನಾಲೆಯ ನೀರೂ ಅಡಿಕೆಯ ತೋಟಗಳೂ ಉಳ್ಳ ಚನ್ನಗಿರಿಯು 'ಅತ್ಯಂತ' ಎಂಬ ವರ್ಗದಲ್ಲಿದೆ. ಮಳೆಯನ್ನೇ ನಂಬಿ, ಅದು ಕೈಕೊಟ್ಟ ವರ್ಷ ಕುಡಿಯುವ ನೀರಿಗೂ ಪರದಾಡಿದ ಜಗಳೂರು ಒಂದು ಮೆಟ್ಟಲು ಮೇಲೆ, 'ಅತಿ' ಎಂಬಲ್ಲಿ, ತುಂಗಭದ್ರೆಯ ದಡದ ಹೊನ್ನಾಳಿಯೊಡನೆ ಕುಳಿತಿದೆ. ಎರಡು ಊರುಗಳನ್ನೂ ಕಂಡವನು ಇದನ್ನು ಕೇಳಿ ನಗಬಹುದು. ಆ ನಗೆ ಅವಸರದ್ದು. ಹಸುರನ್ನು ಕಂಡು ಸಂಪತ್ತನ್ನು ಊಹಿಸುವುದು ದಾರಿಹೋಕನ ಪ್ರತ್ಯಕ್ಷ. ಶಾಲೆಯಿಲ್ಲದಿರುವುದು, ವೈದ್ಯನಿಲ್ಲದಿರುವುದು ಬಸ್ಸಿನ ಕಿಟಕಿಯಿಂದ ಕಾಣತಕ್ಕವಲ್ಲ. ಕಣ್ಣಿಗೆ ಬಿದ್ದುದನ್ನೇ ನಂಬದೆ ಎಲ್ಲ ತಾಲ್ಲೂಕುಗಳಿಗೂ ಒಂದೇ ಅಳತೆಗೋಲನ್ನು ಹಿಡಿದುದು ಈ ವರದಿಯ ದೊಡ್ಡ ಗುಣ. ಅದಕ್ಕೆ ಮೊದಲು ಹಿಂದುಳಿದಿರುವಿಕೆಯ ಮಾತು ಬಹುಮಟ್ಟಿಗೆ ವೇದಿಕೆಯ ಮಾತಾಗಿದ್ದಿತು.

ದೋಷವಿರುವುದು ಬೇರೆಡೆ. ತಾಲ್ಲೂಕನ್ನು ಪಕ್ಷವಾಗಿಟ್ಟುಕೊಂಡು ಸಾಧಿಸಿದ ಅನುಮಾನವನ್ನು ಅಲ್ಲಿಯ ಮನುಷ್ಯರಿಗೆ ಅನ್ವಯಿಸಿದೊಡನೆ ಹೇತುವು ಭಾಗಾಸಿದ್ಧವಾಗುತ್ತದೆ. ಎಂದರೆ ಪಕ್ಷದ ಒಂದು ಭಾಗದಲ್ಲಿ ಇದ್ದು ಇನ್ನೊಂದು ಭಾಗದಲ್ಲಿ ಇಲ್ಲವಾಗುತ್ತದೆ. ಚನ್ನಗಿರಿಯಲ್ಲಿ ತೋಟದ ಒಡೆಯನಿಗೂ, ಫಸಲನ್ನು ಮರದ ಮೇಲೆಯೇ ಕೊಂಡ ಖೇಣಿದಾರನಿಗೂ, ಅವನ ಮನೆಯಂಗಳದಲ್ಲಿ ಸರದಿಯಲ್ಲಿ ಕುಳಿತು ಅಡಿಕೆ ಸುಲಿಯುವ ಹೆಂಗಸಿಗೂ ಕೋಷ್ಟಕದಲ್ಲಿ ಇರುವುದು ಒಂದೇ ಅಂಕ. ಹಿಂದುಳಿದ ತಾಲ್ಲೂಕಿಗೆಂದು ಹಾಕಿದ ರಸ್ತೆಯು ತೋಟದವರೆಗೆ ಹೋಗಿ ನಿಂತರೂ ತಾಲ್ಲೂಕಿನ ಅಂಕವು ಏರುತ್ತದೆ. ತರಗತಿಯ ಸರಾಸರಿಯು ಏರಿತೆಂದು ಕೊನೆಯ ಬೆಂಚಿನ ಹುಡುಗನು ಉತ್ತೀರ್ಣನಾದನೆಂದು ಯಾವ ಉಪಾಧ್ಯಾಯನೂ ಬರೆಯಲಾರ.

ಕಚೇರಿಯ ಅಂಕಗಳಲ್ಲಿ ನಂಬಿಕೆ ಸಾಲದೆಹೋದಾಗ, ಯಂತ್ರವೇ ನೋಡಲಿ ಎಂಬ ಮತವು ಬಲಗೊಂಡಿತು. 2005ರ ಉದ್ಯೋಗ ಖಾತರಿ ಅಧಿನಿಯಮದ ಕಾಮಗಾರಿಗಳಲ್ಲಿ, 2023ರ ಜನವರಿ 1ರಿಂದ, ಕೂಲಿಕಾರರ ಹಾಜರಿಯನ್ನು ಸ್ಥಳದ ಗುರುತುಳ್ಳ ಛಾಯಾಚಿತ್ರದೊಡನೆ ದಿನಕ್ಕೆರಡು ಸಲ ಮೊಬೈಲಿನ ಮೂಲಕ ಕಳುಹಿಸುವುದು ಕಡ್ಡಾಯವಾಯಿತು. ಇದು ಪ್ರತ್ಯಕ್ಷಪ್ರಮಾಣವೆಂದು ಹೇಳಲ್ಪಟ್ಟಿತು. ಪ್ರತ್ಯಕ್ಷವು ಅವ್ಯಭಿಚಾರಿಯಾಗಿರಬೇಕೆಂದು ನ್ಯಾಯಸೂತ್ರದ ಲಕ್ಷಣ. ಇದಾದರೋ ಬಹುಬೇಗನೆ ವ್ಯಭಿಚರಿಸಿತು. 2025ರ ಜುಲೈ ತಿಂಗಳಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ಹೊರಡಿಸಿದ ಸುತ್ತೋಲೆಯು ಈ ಏರ್ಪಾಡಿನ ದುರುಪಯೋಗದ ಏಳು ಬಗೆಗಳನ್ನು ಹೇಳಿತು: ಸಂಬಂಧವಿಲ್ಲದ ಚಿತ್ರವನ್ನು ಕಳುಹಿಸುವುದು, ಚಿತ್ರದ ಚಿತ್ರವನ್ನೇ ತೆಗೆಯುವುದು, ಒಂದೇ ಚಿತ್ರವನ್ನು ಹಲವು ಹಾಜರಿಪಟ್ಟಿಗಳಿಗೆ ಬಳಸುವುದು ಮೊದಲಾದುವು. ಅಧಿಕಾರಿಗಳು ದ್ರವ್ಯವನ್ನು ಅಪಹರಿಸುವ ಉಪಾಯಗಳು ನಲವತ್ತೆಂದು ಕೌಟಿಲ್ಯನು ಎಣಿಸಿದ್ದಾನೆ. ಸುತ್ತೋಲೆಯ ಏಳನ್ನು ಆ ಪಟ್ಟಿಗೆ ಸೇರಿಸಲು ಅವನಿಗೆ ಸಂಕೋಚವಿರುತ್ತಿರಲಿಲ್ಲ. ಇನ್ನೊಂದು ಅನ್ಯಾಯವುಂಟು. ಮೊಬೈಲಿಗೆ ಸಿಗ್ನಲ್ ಸಿಗದ ಕಡೆ ಚಿತ್ರ ಹೋಗದಿದ್ದರೆ ಕಾಯಕಬಂಧುವಿನ ಕೈಯಲ್ಲಿದ್ದ ಯಂತ್ರದ ದೋಷವು ಕೂಲಿಯ ನಷ್ಟವಾಗಿ, ಹಾರೆ ಹಿಡಿದವಳ ಮೇಲೆ ಬೀಳುತ್ತಿದ್ದಿತು. ಕೆಲಸ ನಡೆದಿತ್ತು; ಪ್ರಮಾಣ ಮಾತ್ರ ಇರಲಿಲ್ಲ.

ಅಂಕವು ಅನುಮಾನ, ಚಿತ್ರವು ಪ್ರತ್ಯಕ್ಷ ಎಂದಾದರೆ ಉಳಿಯುವುದು ಶಬ್ದ: ಯಾರಿಗಾಗಿ ಕಾರ್ಯವು ನಡೆಯಿತೋ ಅವರ ಮಾತು. ಅದೇ ಅಧಿನಿಯಮದ 17ನೆಯ ಪ್ರಕರಣವು ಗ್ರಾಮಸಭೆಯಲ್ಲಿ ಸಾಮಾಜಿಕ ಲೆಕ್ಕ ಪರಿಶೋಧನೆಯನ್ನು ವಿಧಿಸಿ ಇದಕ್ಕೊಂದು ಸ್ಥಾನವನ್ನು ಕೊಟ್ಟಿದ್ದಿತು. ಫಲಾನುಭವಿಯು ಸ್ವಾರ್ಥಿ, ಅವನ ಸಾಕ್ಷ್ಯವು ಗ್ರಾಹ್ಯವಲ್ಲವೆಂದು ಪೂರ್ವಪಕ್ಷ ಬರಬಹುದು. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆ ಹೇಳಲು ಇಚ್ಛಿಸುವವನು ಆಪ್ತನೆಂದು ಹೇಳಿದ ವಾತ್ಸ್ಯಾಯನನು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಕೂಡಲೇ ಸೇರಿಸಿದ್ದಾನೆ. ಆಪ್ತತ್ವಕ್ಕೆ ಪದವಿಯು ಕಾರಣವಲ್ಲ. ಸ್ವಾರ್ಥವು ಬಾಧಕವೆಂದರೆ ವರದಿಯನ್ನು ಕಳುಹಿಸುವ ಅಧಿಕಾರಿಗೂ ಅದು ಬಾಧಕವೇ. ಸಮತೆಯನ್ನು ಹೊರಗಿನಿಂದ ತಂದು ಮಾಪನಕ್ಕೆ ಅಂಟಿಸಬೇಕೆಂದು ತಿಳಿದವರು ಈ ಭಾಷ್ಯವಾಕ್ಯವನ್ನು ಗಮನಿಸಿದಂತಿಲ್ಲ. ಸಾಕ್ಷಿಯನ್ನು ಬಿಟ್ಟ ಮಾಪನವು ಅನುದಾರವೆನ್ನುವುದಕ್ಕಿಂತ ಅಪ್ರಮಾಣವೆನ್ನುವುದೇ ಯುಕ್ತ.

ಆದರೆ ಶಬ್ದವು ಪ್ರಮಾಣವಾಗಬೇಕಾದರೆ ಅದು ಮೊದಲು ಕೇಳಿಸಬೇಕು; ಭಾಷಾಪಂಡಿತರಿಗೆ ಇಲ್ಲಿ ಕೆಲಸವಿದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪದ ಸುತ್ತಣ ಲಂಬಾಣಿ ತಾಂಡಾಗಳಲ್ಲಿ ಮನೆಮಾತು ಕನ್ನಡವಲ್ಲ. ಕಚೇರಿಯ ಕನ್ನಡದಲ್ಲಿ, 'ಸೌಲಭ್ಯವು ತೃಪ್ತಿಕರವಾಗಿದೆಯೇ' ಎಂದು ಕೇಳಿ, ಹೌದು ಇಲ್ಲ ಎಂಬ ಎರಡು ಚೌಕಗಳಲ್ಲಿ ಒಂದನ್ನು ಒತ್ತಿಸಿಕೊಂಡರೆ ದೊರೆಯುವುದು ಪ್ರಶ್ನಕಾರನ ಶಬ್ದದ ಪ್ರತಿಧ್ವನಿ. ಕಬ್ಬು ಕಡಿಯಲೋ ಕಾಫಿ ತೋಟಕ್ಕೋ ದುಡಿಯಹೋದವರ ಬಾಗಿಲಿಗೆ ಬೀಗ ಬಿದ್ದಿರುವ ತಿಂಗಳಲ್ಲಿ ಸಮೀಕ್ಷಕನು ಬಂದರಂತೂ ಆ ಪ್ರತಿಧ್ವನಿಯೂ ಇಲ್ಲ.

ಆ ಕೊಪ್ಪವು ಇಂದು ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. 2002ರ ವರದಿಯಲ್ಲಿ ನ್ಯಾಮತಿಗೆ ಸಾಲೇ ಇಲ್ಲ. ಆಗ ಅದು ಹೊನ್ನಾಳಿಯೊಳಗಣ ಒಂದು ಹೋಬಳಿ, 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ನೇಮಕವಾದ ಸಮಿತಿಗೆ ಈ ತೊಡಕು ತಪ್ಪಿದ್ದಲ್ಲ. ನ್ಯಾಮತಿಗೆ ಹೊಸದಾಗಿ ಎಂಥ ಅಂಕವನ್ನೇ ಕೊಡಲಿ, ಮುಂದೆ ಬಂದಿತೋ ಹಿಂದೆ ಬಿದ್ದಿತೋ ಎಂದು ಹೋಲಿಸಲು ಇರುವುದು ಹೊನ್ನಾಳಿಯ ಹಳೆಯ ಅಂಕವೊಂದೇ. ಆ ಅಂಕದೊಳಗೆ ಹೊಳೆಯ ದಡದ ಗದ್ದೆಯ ಪಾಲೆಷ್ಟು, ತಾಂಡಾದ ಪಾಲೆಷ್ಟು ಎಂಬುದನ್ನು ಅಂದು ತಾಂಡಾದಲ್ಲಿ ಇದ್ದ ಮುದುಕರು ಹೇಳಬಲ್ಲರು.