ಶರಾವತಿಯ ಅಹವಾಲು

2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಎರಡು ಸಾರ್ವಜನಿಕ ಅಹವಾಲು ಸಭೆಗಳಾದವು: ಘಟ್ಟದ ಮೇಲೆ ಕಾರ್ಗಲ್‌ನಲ್ಲೊಂದು, ಕೆಳಗೆ ಗೇರುಸೊಪ್ಪೆಯಲ್ಲೊಂದು. ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದ ಹೊತ್ತಿಗೆ ಇಳಿಸಿ 2,000 ಮೆಗಾವಾಟ್ ತೆಗೆಯುವ ಲೆಕ್ಕಾಚಾರ. ಎತ್ತಲು ತಗಲುವ ಕರೆಂಟು ಹುಟ್ಟುವುದಕ್ಕಿಂತ ಹೆಚ್ಚು. ಆದರೂ ಬಿಸಿಲು, ಗಾಳಿಯ ಕರೆಂಟನ್ನು ಕೂಡಿಡಬೇಕಲ್ಲ ಎಂಬ ಸಮರ್ಥನೆಯನ್ನು ಸುಮ್ಮನೆ ತಳ್ಳಿಹಾಕಲಾಗದು. ನಡುವೆ ಸಿಕ್ಕಿಕೊಂಡಿರುವುದು ಸಿಂಗಳೀಕಗಳ ಅಭಯಾರಣ್ಯ. ಈ ಪರ-ವಿರೋಧ ಸಾಕಷ್ಟು ಚರ್ಚೆಯಾಗಿದೆ. ನನ್ನ ತಕರಾರು ಜನರ ಮಾತು ಕೇಳುವ ಕ್ರಮದ ಬಗ್ಗೆ.

ಇಂಥ ಸಭೆಗಳಿಗೆ ನಿಯಮ ಹಾಕಿಕೊಟ್ಟ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. 30 ದಿನ ಮೊದಲೇ ಪ್ರಕಟಣೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ವಿಡಿಯೊ ದಾಖಲೆ. ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲೇ ತಿಳಿಸಬೇಕು. ಆದರೆ ಕನ್ನಡದಲ್ಲಿ ಕೊಡಲೇಬೇಕಾದ್ದು ಪರಿಣಾಮದ ವರದಿಯ ಸಾರಾಂಶವನ್ನಷ್ಟೇ. ಸುರಂಗದ ಮಣ್ಣು ಎಲ್ಲಿಗೆ, ಯಾವ ಹಳ್ಳ ಬತ್ತೀತು ಎಂಬಂಥದ್ದೆಲ್ಲ ದಪ್ಪ ಇಂಗ್ಲಿಷ್ ವರದಿಯ ಹೊಟ್ಟೆಯಲ್ಲಿ. ಅಡಿಕೆ ತೋಟದವರು ಸಾರಾಂಶ ಓದಿ ವರದಿಗೆ ಉತ್ತರ ಕೊಡಬೇಕು!

ಇನ್ನು ಸಭೆಯಲ್ಲಿ ಆಡುವ ಮಾತು. ಇದೇ ನದಿಯ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಮುಳುಗಡೆಯವರಲ್ಲಿ ಎಷ್ಟೋ ಮನೆಗಳಿಗೆ ಇನ್ನೂ ಹಕ್ಕುಪತ್ರವಿಲ್ಲ. ಹಿನ್ನೀರಿಗೆ ಲಾಂಚೇ ಗತಿಯಾಗಿದ್ದ ಊರುಗಳಿಗೆ ಸಿಗಂದೂರು ಸೇತುವೆ ಬಂದದ್ದು 2025ರಲ್ಲಿ. ಅಂಥವರ ಮುಂದೆ 'ಯೋಜನೆ' ಎಂದರೆ ಅವರು ಅಪ್ಪನ ಕಾಲದಿಂದಲೇ ಶುರುಮಾಡುತ್ತಾರೆ. ಸಭೆಯ ಲೆಕ್ಕಕ್ಕೆ ಅದು ವಿಷಯಾಂತರ. ಕೆಳಗೆ ಹೊನ್ನಾವರದಲ್ಲಿ ಶರಾವತಿಯ ಅಳಿವೆಯದು ಬೇರೆ ಕಥೆ: ವಿದ್ಯುದಾಗಾರಗಳಿಂದ ವರ್ಷವಿಡೀ ಇಳಿದುಬರುವ ಸಿಹಿನೀರಿಗೆ ಉಪ್ಪಿನಂಶ ತಗ್ಗಿ ಬಳಚು ಎಂಬ ಚಿಪ್ಪುಜೀವಿ ಕ್ಷೀಣಿಸಿತು. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಅದೇ ಬಳಚು ಇಂದಿಗೂ ಎಷ್ಟೋ ಮನೆಗಳ ಅನ್ನ. ಇದು ಹಳೆಯ ಬಾಕಿ, ಹೊಸ ಯೋಜನೆಗೆ ಸಂಬಂಧವಿಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಒಂದೊಂದೇ ಯೋಜನೆಯನ್ನು ಬಿಡಿಬಿಡಿಯಾಗಿ ತೂಗುವ ತಕ್ಕಡಿಯಲ್ಲಿ ಇಡೀ ನದಿ ಹಿಡಿಸುವುದಾದರೂ ಹೇಗೆ?

ನಮ್ಮ ಪರಿಸರವಾದಿಗಳ ಕಿವಿಯೂ ಅಷ್ಟೇನೂ ಚುರುಕಲ್ಲ. ಕೆಲಸ ಸಿಗುತ್ತದೆಯೇ ಎಂದು ಕೇಳುವ ಹುಡುಗನೂ ಈ ಕಣಿವೆಯವನೇ. ಅವನ ಪ್ರಶ್ನೆಗೆ ಕಾಡಿನ ಚೆಲುವು ಉತ್ತರವಾಗದು.

ಸಭೆಗೆ ಯೋಜನೆ ನಿಲ್ಲಿಸುವ ಅಧಿಕಾರವಿಲ್ಲ. ಇಷ್ಟು ಜನ ಸೇರಲೇಬೇಕೆಂಬ ಕೋರಂ ಕೂಡ ಇಲ್ಲ. ಎದ್ದ ಆಕ್ಷೇಪಗಳಿಗೆ ಉತ್ತರ ಬರೆಯುವವರು ಯೋಜನೆ ತಂದವರೇ. ಆ ಉತ್ತರ ಅಂತಿಮ ವರದಿಯೊಳಗೆ ಸೇರಿ ತಜ್ಞರ ಸಮಿತಿಯ ಮುಂದೆ ದೆಹಲಿಗೆ ಹೋಗುತ್ತದೆ. ಅದನ್ನು ಹಿಡಿದು ಮತ್ತೊಮ್ಮೆ ಕಾರ್ಗಲ್‌ಗೋ ಗೇರುಸೊಪ್ಪೆಗೋ ಬಂದು ಓದಿ ಹೇಳಬೇಕೆಂಬ ನಿಯಮವಿಲ್ಲ.